ಎರಡು ಚೊಂಬು ಬಿಸಿನೀರು

ಇಳಕಲ್ಲಿನ ನಮ್ಮ ಮನೆಯಲ್ಲಿ ಅಡುಗೆಮನೆಗೂ ಬಣ್ಣದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯ ಬುಡದಲ್ಲಿ ಒಂದು ಕಿಂಡಿ. ಅಮ್ಮಿಯ ಒಲೆಯಲ್ಲಿ ಉರಿದ ಕೆಂಡವನ್ನು ಅಬ್ಬಾ ಕಬ್ಬಿಣದ ಸಲಾಕೆಯಿಂದ ಆ ಕಿಂಡಿಯೊಳಗೆ ಎಳೆದುಕೊಂಡು, ಆಚೆ ಬದಿಯ ತಾಮ್ರದ ಹಂಡೆಯ ಕೆಳಗೆ ಹರಡುತ್ತಿದ್ದರು. ನಮ್ಮ ಬೇಳೆಯೂ ನೇಕಾರರ ನೂಲೂ ಒಂದೇ ಬೆಂಕಿಯಲ್ಲಿ ಬೇಯುತ್ತಿದ್ದವು. ಗೋಡೆಯ ಈಚೆ ಬದಿ ಹೊಗೆಯಿಂದ ಕಪ್ಪು, ಆಚೆ ಬದಿ ಬಣ್ಣದ ಸಿಡಿತದಿಂದ ಹಸಿರು, ನೀಲಿ, ಕಂದು. ಸುಣ್ಣ ಬಳಿದರೂ ಒಂದು ವಾರಕ್ಕೆ ಮತ್ತೆ ಅದೇ ಅವಸ್ಥೆ. ನಾನು ಬೆಳೆದದ್ದು ಆ ಗೋಡೆಯ ಎರಡೂ ಬದಿಗೆ, ಹೆಚ್ಚಾಗಿ ಕಿಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು. ಈ ಕಡೆಯಿಂದ ಬೈಸಿಕೊಂಡರೆ ಆ ಕಡೆ ಓಡಲು ಅದು ಅನುಕೂಲದ ಜಾಗ.

ಅಬ್ಬಾ ನೂಲಿಗೆ ಬಣ್ಣ ಹಾಕುತ್ತಿದ್ದರು. ಊರಿನ ನೇಕಾರರು ಬಿಳಿ ನೂಲಿನ ಲಡಿಗಳನ್ನು ತಂದುಕೊಟ್ಟು, ಇಂಥ ಬಣ್ಣ ಬೇಕು ಎಂದು ಹೇಳಿ ಹೋಗುವರು. ಆ ದಿನ ಮನೆಯಲ್ಲಿ ಯಾವ ಬಣ್ಣ ನಡೆದಿದೆ ಎಂಬುದು ಮನೆಯ ಮುಂದಿನ ಚರಂಡಿ ನೋಡಿದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಅಬ್ಬಾನ ಉಗುರು ಬೆಳ್ಳಗಿದ್ದದ್ದನ್ನು ನಾನು ನೋಡಿದ್ದು ಅವರು ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ಮನೆಯಲ್ಲಿ ನಾವು ನಾಲ್ವರು: ಅಬ್ಬಾ, ಅಮ್ಮಿ, ಅಬ್ಬಾನ ತಾಯಿ ದಾದಿ, ಮತ್ತು ಒಬ್ಬಳೇ ಮಗಳು ನಾನು. ಅಡುಗೆಮನೆಯಲ್ಲಿ ಅರ್ಧ ಉರ್ದು, ಅರ್ಧ ಕನ್ನಡ. ಬಣ್ಣದ ಮನೆಯಲ್ಲಿ ನೇಕಾರರು ಬಂದುಹೋಗುವ ಕಾರಣ ಪೂರ್ತಿ ಕನ್ನಡ. ನನಗೆ ಈಗ ಯಾವ ಮಾತು ಯಾವ ಭಾಷೆಯಲ್ಲಿ ಆಡಿದ್ದೆಂದು ಬೇರ್ಪಡಿಸಲು ಆಗುವುದಿಲ್ಲ. ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಬ್ಬಾನ ಹತ್ತಿರ ನೀರಿನ ಕಾವು ಅಳೆಯುವ ಕೊಳವೆ ಇರಲಿಲ್ಲ. ಮೊಣಕೈ ಅದ್ದಿ ನೋಡುವರು. ಹೊತ್ತು ಅಳೆಯಲು ತಸಬಿ ಎಂಬ ಜಪಮಾಲೆಯ ಮಣಿ ಎಣಿಸುವರು. ಕಪ್ಪು ಬಣ್ಣಕ್ಕೆ ಲಡಿಗಳನ್ನು ಮೂರು ಸುತ್ತು ತಸಬಿ ಮುಗಿಯುವ ತನಕ ತಿರುವಿ ಹಾಕಬೇಕು, ಚಳಿಗಾಲವಾದರೆ ನಾಲ್ಕು ಸುತ್ತು. ಬಣ್ಣದ ಪುಡಿಯಲ್ಲಿ ಗಂಟು ಇದ್ದರೆ ಒರಳಲ್ಲಿ ಅರೆದೇ ಹಾಕಬೇಕು, ಇಲ್ಲದಿದ್ದರೆ ಹೊರಗೆ ಕರಗಿದರೂ ಒಳಗೆ ಕಲ್ಲು. ನೀರು ಹೆಚ್ಚಾದರೆ ನೂಲು ಬಣ್ಣ ಕುಡಿಯಲು ತಡ ಮಾಡುತ್ತದೆ, ಉಪ್ಪು ಹಾಕಿದರೆ ಬೇಗ ಹಿಡಿಯುತ್ತದೆ. ಇತ್ತ ಕಡೆ ಅಮ್ಮಿಯ ಲೆಕ್ಕಾಚಾರವೂ ಅಷ್ಟೇ ಕಟ್ಟುನಿಟ್ಟು. ಚಹಾಕ್ಕೆ ಬೆಲ್ಲ ಜಜ್ಜಿಯೇ ಹಾಕುವಳು. ಜೋಳದ ಹಿಟ್ಟಿಗೆ ಕುದಿಯುವ ನೀರೇ ಬೇಕು. ಚಳಿಗಾಲದಲ್ಲಿ ಹೆಪ್ಪು ಹಾಕಿದ ಗಡಿಗೆಗೆ ಹಳೆಯ ಕೌದಿ ಸುತ್ತಿ ಒಲೆಯ ಪಕ್ಕ ಮಲಗಿಸುವಳು, ಬೇಸಿಗೆಯಲ್ಲಿ ಅದೇ ಗಡಿಗೆಯನ್ನು ಒದ್ದೆ ಮರಳಿನ ಮೇಲಿಟ್ಟು ಮೊಸರು ಹುಳಿಯಾಗದಂತೆ ಕಾಯುವಳು. ನಾನು ಮುಂದೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ರಾಸಾಯನಿಕ ಕ್ರಿಯೆಯ ವೇಗದ ಪಾಠದಲ್ಲಿ ಬರುವುದೆಲ್ಲ ನಮ್ಮ ಮನೆಯ ಆ ಒಂದು ಗೋಡೆಯ ಎರಡು ಬದಿಗೆ ಇತ್ತು, ಹೆಸರು ಮಾತ್ರ ಇರಲಿಲ್ಲ. ಜಗಳ ಇತ್ತು. ಅದೂ ದಿನಾ, ಕೆಂಡಕ್ಕಾಗಿ.

“ಹಂಚಿನ ಮ್ಯಾಲ ರೊಟ್ಟಿ ಐತಿ, ಈಗ ಕೆಂಡ ಎಳೀಬ್ಯಾಡ್ರಿ.”

“ಹಸರ ಬಣ್ಣ ಕಾಯೂದಿಲ್ಲ. ನಿನ್ನ ರೊಟ್ಟಿ ಎರಡ ನಿಮಿಷ ಕಾಯ್ತೈತಿ.”

“ಹಂಗಾರ ಮಧ್ಯಾಹ್ನ ಬಣ್ಣಾನ ಉಣ್ರಿ.”

ಹೀಗೆ ಅಂದರೂ ಅಮ್ಮಿ ತಾನೇ ಒಂದಿಷ್ಟು ಕೆಂಡವನ್ನು ಕಿಂಡಿಯ ಕಡೆ ದೂಡುವಳು. ಆಚೆಯಿಂದ ಅಬ್ಬಾ ನಗುವುದು ಕೇಳಿಸುತ್ತಿತ್ತು. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಮಾತಾಡಿದ್ದಕ್ಕಿಂತ ಆ ಕಿಂಡಿಯ ಮೂಲಕ ಮಾತಾಡಿದ್ದೇ ಹೆಚ್ಚು.

ಕೆಂಪು ಬಣ್ಣದ ದಿನ ಮಾತ್ರ ಎಲ್ಲವೂ ತಿರುವುಮುರುವು. ಅಂದು ಕಿಂಡಿಗೆ ಇಟ್ಟಿಗೆ ಇಟ್ಟು ಮುಚ್ಚುವರು. ಬಣ್ಣದ ಮನೆಯ ಕಿಟಕಿಗೆ ಗೋಣಿತಟ್ಟು ಬೀಳುವುದು. ಮಕ್ಕಳಿಗೆ, ಒದ್ದೆ ಕೈಯವರಿಗೆ ಒಳಗೆ ಪ್ರವೇಶವಿಲ್ಲ. ನೂಲನ್ನು ಮೊದಲು ನೆಪ್ತಾಲ್ ಎಂಬ ಪುಡಿ ಕರಗಿಸಿದ ನೀರಿನಲ್ಲಿ ನೆನೆಸಿ, ಹಿಂಡಿ, ಕತ್ತಲಲ್ಲಿ ಬಟ್ಟೆ ಮುಚ್ಚಿ ಇಡುವರು. ಆಮೇಲೆ ಇನ್ನೊಂದು ತೊಟ್ಟಿಯ ನೀರಿನಲ್ಲಿ ಅದ್ದುವರು. ಆ ನೀರಿಗೆ ಕೆಂಪು ನೀರು ಅಂತ ಹೆಸರು, ನೋಡಲು ತೆಳು ಚಹಾದ ಹಾಗೆ. ಎರಡೂ ಕೂಡಿದ ಗಳಿಗೆಗೆ ನೂಲು ಕಣ್ಣೆದುರೇ ದಾಳಿಂಬೆ ಕಾಳಿನ ಕೆಂಪಾಗುತ್ತಿತ್ತು. ಬಾಗಿಲ ಸಂದಿಯಿಂದ ನಾನು ಒಂದೆರಡು ಸಲ ಕದ್ದು ನೋಡಿದ್ದೆ. ಬೇಸಿಗೆಯಲ್ಲಿ ಆ ತೊಟ್ಟಿಗೆ ಐಸ್ ಗಡ್ಡೆ ಬೀಳುತ್ತಿತ್ತು. ಹೊಟ್ಟಿನಲ್ಲಿ ಹೂತು ಗೋಣಿಚೀಲದಲ್ಲಿ ಸುತ್ತಿ ಅಬ್ಬಾ ಅದನ್ನು ಸೈಕಲ್ ಮೇಲೆ ತರುವರು, ನನಗೊಂದು ಚೂರು ಸಿಗುತ್ತಿತ್ತು. ಚಳಿಗಾಲದಲ್ಲಿ ಐಸ್ ತರುತ್ತಿರಲಿಲ್ಲ, ಕೊಡದಲ್ಲಿ ಇಟ್ಟ ಬಾವಿ ನೀರೇ ಸಾಕಾಗುತ್ತಿತ್ತು. ಹಾಗಾಗಿ ಐಸ್ ಎಂದರೆ ಬೇಸಿಗೆಯ ಸೆಕೆಗೆ ಮಾಡಿಕೊಂಡ ಒಂದು ಸುಖ ಅಂತ ನಾನು ತಿಳಿದಿದ್ದೆ. ಕೆಂಪು ನೀರು ಕಾವಿಗೆ ತಾನೇ ಕೆಟ್ಟುಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕೇಳುವುದು ನನಗೂ ಹೊಳೆದಿರಲಿಲ್ಲ.

ನನಗೆ ಹನ್ನೊಂದು ವರ್ಷ ಆಗಿದ್ದಾಗಿನ ಬೇಸಿಗೆಯ ಆರಂಭ ಅದು. ಸಾಲೆಯಲ್ಲಿ ಗುರುಗಳು ಎರಡು ಗ್ಲಾಸು ಇಟ್ಟು, ಎರಡಕ್ಕೂ ಮೊಟ್ಟೆಯ ಸಿಪ್ಪೆ ಹಾಕಿ ನಿಂಬೆರಸ ಹಿಂಡಿದರು. ಒಂದು ಗ್ಲಾಸನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದರು. ಅದರಲ್ಲಿ ನೊರೆ ಬುಸಬುಸ ಎದ್ದಿತು, ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ. ಬಿಸಿ ಕೊಟ್ಟರೆ ಕ್ರಿಯೆ ಬೇಗ ಆಗುತ್ತದೆ ಎಂದು ಹಲಗೆಯ ಮೇಲೆ ಬರೆದರು. ನನಗೆ ಆದ ಖುಷಿ ಹೇಳತೀರದು. ಪುಸ್ತಕ ನಮ್ಮ ಮನೆಯ ಮಾತು ಆಡಿದ್ದು ಅದೇ ಮೊದಲು. ಸಂಜೆ ಓಡಿ ಬಂದು ಅಬ್ಬಾಗೆ ಹೇಳಿದೆ. ಅವರು ನೀಲಿ ಹಂಡೆಯಲ್ಲಿ ಲಡಿ ತಿರುವುತ್ತಿದ್ದರು. ಕೆಲಸ ನಿಲ್ಲಿಸದೆ ಪೂರ್ತಿ ಕೇಳಿದರು.

“ಖರೆ ಹೇಳ್ಯಾರ ನಿಮ್ಮ ಗುರುಗಳು. ಬೆಂಕಿ ಇಲ್ಲದ ಬಣ್ಣ ಇಲ್ಲ ಬೇಟಾ.”

ಆ ಗಳಿಗೆಗೆ ಅವರಿಗೆ ಕೆಂಪು ನೆನಪಿಗೆ ಬರಲಿಲ್ಲ. ಎದುರಿಗೆ ಇದ್ದದ್ದು ನೀಲಿ.

ಆಗ ಅಮ್ಮಿ ಬಸುರಿ. ನನ್ನ ಹಿಂದೆ ಎರಡು ಬಸಿರು ನಿಲ್ಲದೆ ಹೋಗಿದ್ದವು, ಇದು ಎಂಟನೆಯ ತಿಂಗಳಿಗೆ ಬಂದಿತ್ತು. ದಾದಿ ಮೂರು ಹೊತ್ತೂ ದುವಾ ಓದಿ ಅವಳ ತಲೆಯ ಮೇಲೆ ಊದುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಒಂದು ಮಧ್ಯಾಹ್ನ ಅಮ್ಮಿಗೆ ನೋವು ಬಂತು. ಅಮ್ಮಿಯ ತಮ್ಮ, ನನ್ನ ಮಾಮು, ಜೀಪು ಹಿಡಿದು ತಂದು ಅವಳನ್ನು ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದ. ಅಬ್ಬಾ ಜೊತೆಗೆ ಹೋಗಲಿಲ್ಲ. ನೇಕಾರ ಗುರಪ್ಪ ಕಾಕಾನ ಮಗಳ ಲಗ್ನದ ಸೀರೆಯ ಕೆಂಪು ನೂಲು ಮರುದಿನ ಕೊಡಬೇಕಿತ್ತು. ಒಂದು ಸೀರೆಯ ನೂಲನ್ನು ಒಂದೇ ತೊಟ್ಟಿಯಲ್ಲಿ, ಒಂದೇ ಸಲಕ್ಕೆ ಅದ್ದಬೇಕು. ಎರಡು ಸಲ ಮಾಡಿದರೆ ನೇಯ್ದ ಮೇಲೆ ಮೈಯಲ್ಲಿ ಗೆರೆ ಬೀಳುತ್ತದೆ. ಮುಂಜಾನೆ ಕೆಂಪು ಮುಗಿಸಿ ಹನ್ನೆರಡರ ಬಸ್ಸಿಗೆ ಹೊರಡುತ್ತೇನೆ ಎಂದು ಅಬ್ಬಾ ಮಾಮುಗೆ ಹೇಳಿ ಕಳಿಸಿದರು.

ಮರುದಿನ ಬೆಳಗಿನ ನಮಾಜು ಮುಗಿಸಿದವರೇ ನೂಲನ್ನು ನೆನೆಸಿ, ಹಿಂಡಿ, ಕತ್ತಲಲ್ಲಿ ಇಟ್ಟರು. ಇನ್ನೊಂದು ತೊಟ್ಟಿಯಲ್ಲಿ ಮನೆಯಲ್ಲಿದ್ದ ಐಸ್ ಹಾಕಿ ಕೆಂಪು ನೀರು ಕಲಸಿದರು. ಅಷ್ಟರಲ್ಲಿ ಓಣಿಯ ಕಿರಾಣಿ ಅಂಗಡಿಯವರು ಕೂಗಿದರು. ಇಡೀ ಓಣಿಗೆ ಅಲ್ಲೊಂದೇ ಫೋನ್. ಅಬ್ಬಾ ಹೋಗಿ ಬಂದಾಗ ಅವರ ಮುಖ ನಗುತ್ತಿತ್ತೋ ಅಳುತ್ತಿತ್ತೋ ನನಗೆ ತಿಳಿಯಲಿಲ್ಲ.

“ಅಮ್ಮಾ, ಗಂಡು ಕೂಸು ಹುಟ್ಟೈತಿ. ಭಾಳ ಸಣ್ಣದೈತಂತ, ಸಂಜೀತನ ಉಳಿತೈತೋ ಇಲ್ಲೊ ಹೇಳಾಕ ಬರೂದಿಲ್ಲ ಅಂದಾರಂತ ಡಾಕ್ಟರು.”

“ಕಿವ್ಯಾಗ ಅಜಾನ್ ಹೇಳ್ಯಾರೋ ಇಲ್ಲೊ?” ಅಂತ ದಾದಿ ಕೇಳಿದಳು.

“ಇಲ್ಲಂತ. ಅವರಪ್ಪನ ಬಂದು ಹೇಳಬೇಕು, ಅಲ್ಲೀತನ ಯಾರೂ ಮುಟ್ಟಬ್ಯಾಡ್ರಿ ಅಂತ ಇವಳು ಹಟ ಹಿಡದಾಳಂತ.”

ನಮ್ಮಲ್ಲಿ ಕೂಸು ಹುಟ್ಟಿದ ಕೂಡಲೇ ಅದರ ಬಲಗಿವಿಯಲ್ಲಿ ಅಜಾನ್ ಹೇಳುತ್ತಾರೆ. ಈ ಲೋಕದಲ್ಲಿ ಅದು ಕೇಳಬೇಕಾದ ಮೊದಲ ಮಾತು ಅದು. ಅಪ್ಪನೋ ಮನೆಯ ಹಿರಿಯ ಗಂಡಸೋ ಹೇಳುವುದು ವಾಡಿಕೆ. ಅಬ್ಬಾ ಗಡಬಡಿಸಿ ಬಣ್ಣದ ಮನೆಗೆ ಹೋದರು. ಐಸ್ ಅರ್ಧ ಕರಗಿತ್ತು. ನೆನೆಸಿದ ನೂಲನ್ನು ನಾಳೆಗೆ ಇಡಲು ಬರುವುದಿಲ್ಲ, ಕೆಟ್ಟೇ ಹೋಗುತ್ತದೆ. ಸೈಕಲ್ ತೆಗೆದರು.

“ಹೋಗಿ ಐಸ್ ತರತೇನಿ. ಬಂದವನ ಅದ್ದಿ, ಗುರಪ್ಪಗ ಕೊಟ್ಟು ಹನ್ನೆರಡರ ಬಸ್ ಹಿಡೀತೇನಿ. ಯಾರೂ ಬಾಗಲಾ ತಗೀಬ್ಯಾಡ್ರಿ.”

ಅವರು ಹೋದರು. ದಾದಿ ಪಡಸಾಲೆಯಲ್ಲಿ ಕೂತು ಕುರಾನ್ ತೆರೆದಳು. ನಾನು ಅಡುಗೆಮನೆಯಲ್ಲಿ ಒಬ್ಬಳೇ. ಒಲೆಯ ಮೇಲೆ ಸ್ನಾನದ ನೀರು ಕುದಿಯುತ್ತಿತ್ತು. ನನ್ನ ತಲೆಯಲ್ಲಿ ಒಂದೇ ವಿಚಾರ: ಅಬ್ಬಾಗೆ ತಡವಾಗಬಾರದು. ನನಗೊಬ್ಬ ತಮ್ಮ ಹುಟ್ಟಿದ್ದಾನೆ, ಅವನು ಅಬ್ಬಾನ ದಾರಿ ಕಾಯುತ್ತಿದ್ದಾನೆ. ಕೆಂಪು ನೀರು ತಣ್ಣಗಿದ್ದರೆ ನೂಲು ಬಣ್ಣ ಕುಡಿಯಲು ತಡ ಮಾಡುತ್ತದೆ, ಚಳಿಗಾಲದಲ್ಲಿ ಕಪ್ಪಿಗೆ ನಾಲ್ಕು ಸುತ್ತು ತಸಬಿ ಬೇಕಾಗುವ ಹಾಗೆ. ಬಿಸಿ ಕೊಟ್ಟರೆ ಬೇಗ ಆಗುತ್ತದೆ. ಗುರುಗಳು ಹೇಳಿದ್ದರು, ಅಬ್ಬಾ ಖರೆ ಅಂದಿದ್ದರು. ನಾನು ಕೈ ಒರೆಸಿಕೊಂಡೆ, ಒದ್ದೆ ಕೈಯಲ್ಲಿ ಹೋಗಬಾರದೆಂಬ ನಿಯಮ ನೆನಪಿತ್ತು ನೋಡಿ. ಕುದಿಯುವ ನೀರನ್ನು ಚೊಂಬಿನಲ್ಲಿ ತುಂಬಿ ತಂದು ತೊಟ್ಟಿಗೆ ಸುರಿದೆ. ಸಾಲದು ಅನಿಸಿ ಇನ್ನೊಂದು ಚೊಂಬು ತಂದೆ. ಐಸ್ ಚೂರುಗಳು ಕರಗಿ ಮಾಯವಾದವು. ನೀರಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು, ಸಾಲೆಯ ಗ್ಲಾಸಿನಲ್ಲಿ ಎದ್ದ ಹಾಗೆಯೇ. ಕೆಲಸ ಶುರುವಾಯಿತು ಅಂತ ನಾನು ಹಿಗ್ಗಿದೆ. ನೋಡುತ್ತ ನಿಂತಂತೆ ನೀರು ಕಂದಾಯಿತು, ರಾಡಿಯಾಯಿತು. ಸಂಡಾಸಿಗೆ ಹಾಕುವ ಫಿನಾಯಿಲಿನಂಥ ಒಂದು ವಾಸನೆ ಮೂಗಿಗೆ ಹೊಡೆಯಿತು. ಆಗ ಹೆದರಿಕೆಯಾಯಿತು. ಬಾಗಿಲು ಎಳೆದುಕೊಂಡು ಅಡುಗೆಮನೆಗೆ ಬಂದು ಒಲೆಯ ಮುಂದೆ ಕೂತೆ. ದಾದಿಯ ಓದು ನಡೆದೇ ಇತ್ತು.

ಅಬ್ಬಾ ಬೆವರು ಸುರಿಸುತ್ತ ಐಸ್ ತಂದು, ಒಳಗಿನ ಕತ್ತಲೆಯಲ್ಲಿ ಗಡಿಬಿಡಿಯಿಂದ ತೊಟ್ಟಿಗೆ ಹಾಕಿ, ಲಡಿಗಳನ್ನು ಅದ್ದಿದರು. ಪ್ರತಿ ಸಲ ಅದ್ದುವ ಮುಂಚೆ ಬೆರಳಿಟ್ಟು ನೋಡುವ ಮನುಷ್ಯ ಅಂದು ನೋಡಲಿಲ್ಲ. ಮೊದಲ ಲಡಿ ಎತ್ತಿದಾಗ ಅವರ ಬಾಯಿಂದ ಒಂದು ಶಬ್ದ ಬಂತು. ನಾನು ಬಾಗಿಲಲ್ಲಿ ನಿಂತಿದ್ದೆ. ಹಳೆಯ ಇಟ್ಟಿಗೆಯ ಬಣ್ಣ, ಅಲ್ಲಲ್ಲಿ ಬಿಳಚಿದ ಕಲೆ. ಅವರು ನೀರಿನಲ್ಲಿ ಕೈ ಇಟ್ಟರು. ಐಸ್ ತೇಲುತ್ತಿದ್ದರೂ ಕೆಳಗಿನ ನೀರು ಇನ್ನೂ ಬೆಚ್ಚಗೆ ಇದ್ದಿರಬೇಕು. ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ನನ್ನ ಕಾಲ ಬಳಿ ನೋಡಿದರು. ಅಷ್ಟರಲ್ಲಿ ಗುರಪ್ಪ ಕಾಕಾ ನೂಲು ಒಯ್ಯಲು ಬಂದರು.

“ಏನಾತೋ ಇಮಾಮಸಾಬ?”

“ನನ್ನ ತಪ್ಪು. ಐಸ್ ಸಾಲಲಿಲ್ಲ, ನೀರ ಕೆಟ್ಟಿತು.”

ಗುರಪ್ಪ ಕಾಕಾ ನೂಲು ನೋಡಿದರು. ಅದು ಅವರ ಮಗಳು ಮೈಮೇಲೆ ಹಾಕಬೇಕಾದ ಸೀರೆ. ಆದರೂ ಆ ಮನುಷ್ಯ ಅಂದದ್ದನ್ನು ನಾನು ಮರೆತಿಲ್ಲ.

“ಹೋಗೋ ಮಾರಾಯಾ, ಮೊದಲ ಮಗನ್ನ ನೋಡ್ಹೋಗು. ನೂಲು ಮತ್ತ ತರೂಣಂತ.”

ಅಬ್ಬಾ ಹೋಗಲಿಲ್ಲ. ಬಿಸಿ ಸಾಬೂನು ನೀರಿನಲ್ಲಿ ತೊಳೆದರೆ ಕಲೆ ಬಿಟ್ಟೀತು, ಅರ್ಧ ತಾಸಿನ ಕೆಲಸ, ಎನ್ನುತ್ತ ಕೂತುಬಿಟ್ಟರು. ಇಪ್ಪತ್ತು ವರ್ಷ ನೂಲು ಕೆಡಿಸದವರಿಗೆ ಕೆಟ್ಟ ನೂಲನ್ನು ಬಿಟ್ಟು ಏಳಲು ಆಗಲಿಲ್ಲ. ನಾನು ಎಷ್ಟು ಸಲ ಯೋಚಿಸಿದ್ದೇನೆ. ಆ ಅರ್ಧ ತಾಸು ಅವರದು, ಅದನ್ನು ತಂದಿಟ್ಟ ತಪ್ಪು ನನ್ನದು. ಕಲೆ ಬಿಡಲಿಲ್ಲ, ಹನ್ನೆರಡರ ಬಸ್ಸು ಹೋಯಿತು. ಆಮೇಲೆ ಎದ್ದು, ಕೈ ಕೂಡ ತೊಳೆಯದೆ, ಸಿಕ್ಕ ಲಾರಿ ಹತ್ತಿ ಹುನಗುಂದಕ್ಕೆ ಹೋಗಿ, ಅಲ್ಲಿ ಒಂದು ತಾಸು ಕಾದು ಬೇರೆ ಬಸ್ಸು ಹಿಡಿದರು. ಹನ್ನೆರಡರ ಬಸ್ಸು ಎರಡು ಗಂಟೆಗೆ ಬಾಗಲಕೋಟೆ ಮುಟ್ಟಿತ್ತು. ನನ್ನ ತಮ್ಮ ಮೂರು ಗಂಟೆಯ ತನಕ ಬದುಕಿದ್ದ. ಅಬ್ಬಾ ಮುಟ್ಟಿದಾಗ ಸಂಜೆಯಾಗಿತ್ತು, ಮಾಮು ಮತ್ತು ನಾಲ್ಕು ಜನ ಕೂಸನ್ನು ಮಣ್ಣು ಮಾಡಿ ಖಬರಸ್ತಾನದಿಂದ ವಾಪಸ್ ಬರುತ್ತಿದ್ದರಂತೆ.

ನಾಲ್ಕು ದಿನದ ಮೇಲೆ ಅಮ್ಮಿಯನ್ನು ಮನೆಗೆ ಕರೆತಂದರು. ಅವಳು ಅಳುತ್ತಾಳೆ, ಕೂಗುತ್ತಾಳೆ ಅಂತ ದಾದಿ ಓಣಿಯ ಹೆಂಗಸರನ್ನು ಕೂಡಿಸಿದ್ದಳು. ಅಮ್ಮಿ ಅಳಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಎಲ್ಲರೆದುರು ಅಬ್ಬಾಗೆ ಒಂದು ಮಾತು ಅಂದಳು.

“ಎರಡರ ಬಸ್ಸಿನಿಂದ ಇಳದವರನ್ನೆಲ್ಲಾ ಕೇಳಿಸಿದೆ. ನಿಮ್ಮ ಮಗನ ಕಿವ್ಯಾಗ ಅಜಾನ್ ಹೇಳೂ ಹೊತ್ತಿಗೆ ನೀವು ನೂಲು ತೊಳಕೋತ ಕುಂತಿದ್ರಿ.”

ಅಬ್ಬಾ ತಲೆ ತಗ್ಗಿಸಿ ಹೌದು ಅಂದರು. ಕೂಸಿನ ಬಗ್ಗೆ ನಮ್ಮ ಮನೆಯಲ್ಲಿ ಅದೇ ಕೊನೆಯ ಮಾತು. ಅಜಾನನ್ನು ಮಾಮು ಹೇಳಿರಬೇಕು ಅಂತ ಎಲ್ಲರೂ ಅಂದುಕೊಂಡರು, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಮರುದಿನ ಅಮ್ಮಿ ಕೆಸರು ಕಲಸಿ ಆ ಕಿಂಡಿಯನ್ನು ತನ್ನ ಕೈಯಾರೆ ಮೆತ್ತಿ ಮುಚ್ಚಿದಳು. ನನ್ನ ಒಲೆಯ ಒಂದು ಕೆಂಡವಾಗಲಿ, ಒಂದು ಚೊಂಬು ನೀರಾಗಲಿ ಬಣ್ಣಕ್ಕೆ ಹೋಗಕೂಡದು ಅಂದಳು. ಅಬ್ಬಾ ಹಿತ್ತಲಲ್ಲಿ ಬೇರೆ ಒಲೆ ಹಾಕತೊಡಗಿದರು. ಅವರು ಕಲ್ಲು ಜೋಡಿಸುವಲ್ಲಿ ನಾನು ಹೋಗಿ ನಿಂತೆ.

“ಅಬ್ಬಾ, ಆವತ್ತು ನೀರಿಗೆ...”

“ಗೊತ್ತೈತಿ. ಚೊಂಬು ಬಾಗಲದಾಗ ಬಿಟ್ಟಿದ್ದಿ.”

“ಅಮ್ಮಿಗೆ ಹೇಳ್ತೇನಿ.”

“ಬ್ಯಾಡ.” ಕಲ್ಲು ಕೆಳಗಿಟ್ಟು ಕೈ ಒರೆಸಿಕೊಂಡರು. “ನನ್ನ ಮ್ಯಾಲಿನ ಸಿಟ್ಟು ಇವತ್ತಿಲ್ಲಾ ನಾಳೆ ಆರತೈತಿ. ನಿನ್ನ ಮ್ಯಾಲ ಸಿಟ್ಟ ಬಂದ್ರ ಅಕಿ ಇನ್ಯಾರನ್ನ ಹಿಡಕೊಂಡು ಬದಕಬೇಕು? ಬೆಂಕಿ ಇಲ್ಲದ ಬಣ್ಣ ಇಲ್ಲ ಅಂತ ನಿನಗ ಹೇಳಿದಾಂವ ನಾನ. ಕೆಂಪಿನ ಮಾತು ಹೇಳೂದು ಬಿಟ್ಟಾಂವ ನಾನ. ಇದು ನಮ್ಮಿಬ್ಬರಾಗ ಇರಲಿ.”

ನಾನು ಹನ್ನೊಂದರ ಹುಡುಗಿ, ಬೇಡ ಅಂದದ್ದು ನನಗೆ ಹಾಯೆನಿಸಿತು. ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಆದರೆ ಅಬ್ಬಾನ ಅಂದಾಜು ತಪ್ಪಿತು. ಕಾವು ನೋಡಿ ಹೊತ್ತು ಹೇಳುವ ಮನುಷ್ಯನಿಗೆ ಹೆಂಡತಿಯ ಸಿಟ್ಟು ಎಷ್ಟು ದಿನಕ್ಕೆ ಆರುತ್ತದೆ ಎಂಬುದು ತಿಳಿಯಲಿಲ್ಲ. ಗುರಪ್ಪ ಕಾಕಾನ ಮಗಳಿಗೆ ಬೇರೆ ನೂಲು ಅದ್ದಿಕೊಟ್ಟರು, ಅವಳು ಅದೇ ಕೆಂಪಿನಲ್ಲಿ ಮದುವೆಯಾದಳು. ಅಮ್ಮಿ ಅಡುಗೆ ಮಾಡಿದಳು, ಬಡಿಸಿದಳು, ಅಬ್ಬಾಗೆ ಜ್ವರ ಬಂದರೆ ತಲೆಯ ಹತ್ತಿರ ಕೂತಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ತಾನಾಗಿ ಒಂದು ಮಾತು ತೆಗೆಯಲಿಲ್ಲ, ಬಣ್ಣದ ಮನೆಯ ಹೊಸ್ತಿಲು ತುಳಿಯಲಿಲ್ಲ. ಮನೆ ಸುಮ್ಮನಾಯಿತು. ಕೆಂಡದ ಜಗಳ ನನಗೆ ಎಷ್ಟು ಬೇಕೆನಿಸುತ್ತಿತ್ತೆಂದರೆ, ಪಕ್ಕದ ಮನೆಯ ಗಂಡ ಹೆಂಡತಿ ಬೈದಾಡಿದರೆ ಹೋಗಿ ಕಿವಿಗೊಟ್ಟು ನಿಲ್ಲುತ್ತಿದ್ದೆ. ಅಬ್ಬಾ ವರ್ಷಕ್ಕೊಮ್ಮೆ ಯಾವುದೋ ನೆಪ ಹೇಳಿ ಬಾಗಲಕೋಟೆಗೆ ಹೋಗಿಬರುವರು. ಆಮೇಲೆ ಅಣೆಕಟ್ಟಿನ ಹಿನ್ನೀರು ಏರಿ ಬಾಗಲಕೋಟೆಯ ಹಳೇ ಊರಿನ ತಗ್ಗಿನ ಭಾಗಗಳು ಮುಳುಗಿದಾಗ ಆ ಖಬರಸ್ತಾನದ ಆ ಅಂಚೂ ನೀರಿನಡಿ ಹೋಯಿತು. ಅದರ ಮುಂದೆ ಅವರು ಹೋಗಲಿಲ್ಲ.

ನಾನು ಓದಿದೆ, ಹುನಗುಂದದಲ್ಲಿ ಮಾಸ್ತರಿಕೆ ಮಾಡಿದೆ. ಸಿಡುಕಿ ಅಂತ ಹೆಸರು ತೆಗೆದುಕೊಂಡೆ, ಹುಡುಗರು ನನಗೆ ಸೋಡಾ ಬಾಟ್ಲಿ ಟೀಚರ್ ಅನ್ನುತ್ತಿದ್ದದ್ದು ನನಗೆ ಗೊತ್ತು. ಕ್ರಿಯೆಯ ವೇಗದ ಪಾಠ ಬಂದಾಗ ಮಾತ್ರ ನನ್ನಷ್ಟು ನಿಧಾನ ಯಾರೂ ಇರಲಿಲ್ಲ. ಪುಡಿ ಮಾಡಿದರೆ ಬೇಗ, ದ್ರಾವಣ ಗಟ್ಟಿಯಿದ್ದರೆ ಬೇಗ, ಬಿಸಿ ಕೊಟ್ಟರೆ ಬೇಗ. ಯಾವುದು ಬೇಗ ಅಂತ ಕೇಳ್ರಿ, ಆಗೋದೋ ಕೆಡೋದೋ ಅಂತ ಪ್ರತಿ ವರ್ಷ ಹಲಗೆಗೆ ಬೆನ್ನು ಮಾಡಿ ಹೇಳಿದೆ. ಮಕ್ಕಳು ಬರೆದುಕೊಂಡರು. ಮನೆಯಲ್ಲಿ ಹೇಳಬೇಕಾದ ಒಬ್ಬಳಿಗೆ ಹೇಳಲಿಲ್ಲ. ಬೇಡ ಎಂದು ಅಬ್ಬಾ ಅಂದಿದ್ದಾರಲ್ಲ ಎಂಬುದು ಚಿಕ್ಕಂದಿನಲ್ಲಿ ವಿಧೇಯತೆ, ದೊಡ್ಡವಳಾದ ಮೇಲೆ ಅದು ಹೇಡಿತನ. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಈಗ ಅವರಿಬ್ಬರೂ ನನ್ನ ಜೊತೆಗೇ ಇದ್ದಾರೆ, ಇಳಕಲ್ಲಿನ ಹೊಸ ಬಡಾವಣೆಯ ಮನೆಯಲ್ಲಿ. ಅಬ್ಬಾಗೆ ಕಣ್ಣು ಮಂದ, ಕಿವಿ ಚುರುಕು. ಹೋದ ವರ್ಷ ಒಂದು ಮುಂಜಾನೆ ಎದುರು ಮನೆಯ ಹುಡುಗಿ ಪರೀಕ್ಷೆಗೆಂದು ಪಾಠ ಹೇಳಿಸಿಕೊಳ್ಳಲು ಬಂದಿದ್ದಳು. ಅಮ್ಮಿ ನೆಲದ ಮೇಲೆ ಕೂತು ಮೆಂತೆಸೊಪ್ಪು ಸೋಸುತ್ತಿದ್ದಳು, ಅಬ್ಬಾ ಮಂಚದ ಮೇಲೆ. ಹುಡುಗಿ ಪುಸ್ತಕ ಮಡಚಿ ಹೋದ ಮೇಲೆ ಅಮ್ಮಿ ಸೊಪ್ಪಿನಿಂದ ತಲೆ ಎತ್ತದೆ ಕೇಳಿದಳು.

“ಬಿಸಿ ಮಾಡಿದ್ರ ಎಲ್ಲಾ ಲಗೂ ಆಗ್ತೈತೇನು?”

“ಕೆಡೂದೂ ಲಗೂ ಆಗ್ತೈತಿ ಅಮ್ಮಿ. ಅಬ್ಬಾ ಐಸ್ ಹಾಕಿ ಇಡತಿದ್ರಲ್ಲ, ಕೆಂಪು ನೀರು...”

ಮಂಚದಿಂದ ಅಬ್ಬಾನ ಕೈ ಮೇಲೆದ್ದಿತು.

“ಮೆಹರೂ, ಬ್ಯಾಡ.”

ಬಣ್ಣದ ಮನೆಯ ಆ ಬಾಗಿಲು ತೆರೆದ ಮೇಲೆ, ಅರವತ್ತು ದಾಟಿದ ವಯಸ್ಸಿಗೆ, ಎರಡನೆಯ ಸಲ ಅವರ ಮಾತು ಮೀರಿದೆ. ಫೋನ್ ಬಂದದ್ದು, ಸ್ನಾನದ ನೀರು, ಚೊಂಬು, ಗುಳ್ಳೆ, ವಾಸನೆ, ಹಿತ್ತಲಲ್ಲಿ ಅಬ್ಬಾ ಹೇಳಿದ್ದು, ಎಲ್ಲವನ್ನೂ ಹೇಳಿದೆ. ಅಮ್ಮಿಯ ಕೈ ಸೊಪ್ಪಿನ ಮೇಲೆ ನಿಂತುಬಿಟ್ಟಿತು. ನಾನು ಏಟು ಬೀಳುವುದಕ್ಕೆ ಕಾದಿರುವವಳ ಹಾಗೆ ನೆಲ ನೋಡುತ್ತ ಕೂತೆ. ಅವಳು ನನ್ನನ್ನು ಬಿಟ್ಟು ಮಂಚದ ಕಡೆ ತಿರುಗಿದಳು.

“ನನಗ್ಯಾಕ ಹೇಳಲಿಲ್ಲ ನೀವು?”

“ಅಕಿ ಸಣ್ಣಾಕಿ ಇದ್ಲು.”

“ನಾನೇನ ದೊಡ್ಡಾಕಿ ಇದ್ದೆನ್ರಿ? ನನಗೂ ಇಪ್ಪತ್ತೇಳ ಇತ್ತು.”

ಅಮ್ಮಿ ನನಗೆ, “ನೀ ಒಳಗ ಹೋಗು,” ಅಂದಳು, ಸಣ್ಣ ಹುಡುಗಿಗೆ ಹೇಳುವ ಹಾಗೆ. ನಾನು ಏಳುವಾಗ ನನ್ನ ತಲೆಯ ಮೇಲೆ ಒಂದು ಸಲ ಕೈ ಇಟ್ಟು ತೆಗೆದಳು. ನಾನು ಅಡುಗೆಮನೆಗೆ ಹೋಗಿ, ಏನೂ ಇಲ್ಲದ ಕಟ್ಟೆಯನ್ನು ಒರೆಸುತ್ತ ನಿಂತೆ. ಮಂಚದ ಹತ್ತಿರ ಸ್ಟೂಲ್ ಎಳೆದ ಸದ್ದು ಕೇಳಿತು.

“ಕೇಳ್ರಿ. ಇಷ್ಟ ವರ್ಷ ಏನ ಕೇಳೂದಿತ್ತು ಈಗ ಕೇಳ್ರಿ.”

ಅಬ್ಬಾ ಗಂಟಲು ಸರಿಮಾಡಿಕೊಂಡರು.

“ಅಜಾನ್... ನಿನ್ನ ತಮ್ಮ ಹೇಳಿದ್ನಲ್ಲ?”

“ಅಂವ ಔಷಧ ತರಾಕ ಹೋಗಿದ್ದ. ಯಾರೂ ಇದ್ದಿಲ್ಲ. ಬಸ್ ಬಂತು, ನೀವು ಬರಲಿಲ್ಲ, ಕೂಸು ತಣ್ಣಗಾಗಾಕತ್ತಿತು. ನಾನ ಎದಿಗೆ ಅವಚಿಕೊಂಡು ಬಲಗಿವ್ಯಾಗ ಹೇಳಿದೆ. ಹೆಂಗಸು ಹೇಳಬಹುದೋ ಇಲ್ಲೊ ಅಂತ ಇವತ್ತಿನತನ ಯಾರನ್ನೂ ಕೇಳಿಲ್ಲ.”

“ಪೂರ್ತಿ ಹೇಳಿದೇನು?”

“ಪೂರ್ತಿ. ಮುಗಿಸೂದರಾಗ ಕಣ್ಣ ತೆರೆದು ನೋಡಿದ. ನಿಮ್ಮಪ್ಪ ದಾರ್ಯಾಗ ಅದಾರ, ಬರಾಕತ್ತಾರ ಅಂತ ಅವಗ ಹೇಳಿದೆ. ಸುಳ್ಳು ಹೇಳಿ ಕಳಿಸಿದೆ ಅಂತ ಇಷ್ಟ ವರ್ಷ ಸುಡಾಕತ್ತಿತ್ತು ನನಗ.”

ಅಬ್ಬಾ ಅಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಸುಳ್ಳಲ್ಲ,” ಅಂದರು. “ಅಷ್ಟೊತ್ತಿಗೆ ಹುನಗುಂದ ಬಿಟ್ಟಿದ್ದೆ. ಖರೇನ, ದಾರ್ಯಾಗ ಇದ್ದೆ.”